ಮನೆತನದ ಶುಗರ್, ಜೀನ್ ಎಡಿಟಿಂಗ್ ಮತ್ತು ಏಳು ಲಕ್ಷದ ಕೊಟೇಶನ್

ಪ್ರಶ್ನೆ: ಡಾಕ್ಟ್ರೇ, ನಾವು ಡೊಂಬಿವಲಿಯಲ್ಲಿ ಇರೋರು, ಮೂಲ ಕುಂದಾಪುರ ಕಡೆ. ಮಗನಿಗೆ ಈಗ 19. ಹದಿನಾರನೇ ವಯಸ್ಸಿಗೆ ಶುಗರ್ ಬಂತು, ಟೈಪ್ 1 ಅಂತ ಹೇಳಿ ಇನ್ಸುಲಿನ್ ಶುರು ಮಾಡಿದ್ರು, ಮೂರು ವರ್ಷ ಆದ್ರೂ ದಿನಕ್ಕೆ ಒಟ್ಟು 14 ಯೂನಿಟ್ ಮೇಲೆ ಹೋಗಿಲ್ಲ. ನಮ್ಮ ಯಜಮಾನ್ರಿಗೆ 22ಕ್ಕೇ ಬಂದಿತ್ತು, ಸಣಕಲು ಮೈ, ಆಗ ಗ್ಲಿಮಿಪಿರೈಡ್ 2 ಎಂಜಿ ಕೊಟ್ಟಿದ್ರು, ಶುಗರ್ 48ಕ್ಕೆ ಇಳಿದು ಪ್ಲಾಟ್‌ಫಾರ್ಮಲ್ಲೇ ಬಿದ್ದುಬಿಟ್ರು, ಆಮೇಲೆ ಇದು ನಿಮಗೆ ಆಗಿಬರಲ್ಲ ಅಂತ ಮೆಟ್‌ಫಾರ್ಮಿನ್‌ಗೆ ಹಾಕಿದ್ರು, ಈಗ ಅದೂ ಸಾಲ್ತಿಲ್ಲ. ಅತ್ತೆಗೂ ಮೂವತ್ತರ ಒಳಗೇ ಬಂದಿತ್ತು, ಈಗ ಕಣ್ಣು ಕಾಣಲ್ಲ. ಮಗಳಿಗೆ 14, ಫಾಸ್ಟಿಂಗ್ ನಾರ್ಮಲ್ ಇದೆ. ಜೀನ್ ಎಡಿಟಿಂಗ್ ಬಂದಿದೆ, ವಂಶದ ಕಾಯಿಲೆ ಬೇರು ಸಮೇತ ಹೋಗತ್ತೆ ಅಂತ ಎಲ್ಲಾ ಕಡೆ ಕೇಳ್ತಿದೀವಿ. ಪರಿಚಯದವರು ಹೇಳಿದ ಒಂದು ಕ್ಲಿನಿಕ್‌ನಲ್ಲಿ ಸ್ಟೆಮ್ ಸೆಲ್ ಮತ್ತು ಜೀನ್ ಥೆರಪಿ ಸೇರಿ ಏಳು ಲಕ್ಷ ಆಗತ್ತೆ ಅಂದ್ರು. ಮಗನಿಗೆ ಮಾಡಿಸಬಹುದಾ? ಮಗಳಿಗೆ ಬರದ ಹಾಗೆ ಈಗ್ಲೇ ಜೀನ್ ಸರಿ ಮಾಡಿಸೋಕೆ ಆಗತ್ತಾ?

ಉತ್ತರ: ಮೊದಲನೇ ಮಾತು, ಆ ಏಳು ಲಕ್ಷ ಕೊಡ್ಬೇಡಿ. ಅಡ್ವಾನ್ಸ್ ಕೊಟ್ಟಿದ್ರೆ ವಾಪಸ್ ಕೇಳಿ. ಡಯಾಬಿಟಿಸ್‌ಗೆ ಜೀನ್ ಎಡಿಟಿಂಗ್ ಅನ್ನೋ ಮಂಜೂರಾದ ಚಿಕಿತ್ಸೆ ಇವತ್ತಿಗೆ ಭಾರತದಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ, ಎಲ್ಲೂ ಇಲ್ಲ. ಸ್ಟೆಮ್ ಸೆಲ್ (ಬೇರೆ ಬೇರೆ ಸೆಲ್ ಆಗಿ ಬೆಳೆಯಬಲ್ಲ ಮೂಲ ಸೆಲ್) ವಿಷಯದಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗೇ ಇದೆ, ರಕ್ತದ ಕಾಯಿಲೆಗಳಿಗೆ ಮಾಡೋ ಬೋನ್ ಮ್ಯಾರೋ ಥರದ ಕಸಿ ಬಿಟ್ರೆ ಮಿಕ್ಕಿದ್ದೆಲ್ಲ ಬರೀ ಪ್ರಯೋಗ, ಅನುಮತಿ ಪಡೆದ ಟ್ರಯಲ್ ಒಳಗೇ ನಡೀಬೇಕು, ಟ್ರಯಲ್‌ಗೆ ಸೇರಿದ ರೋಗಿ ಹತ್ರ ಅದಕ್ಕೆ ದುಡ್ಡು ತಗೊಳ್ಳೋ ಹಾಗಿಲ್ಲ. ಅಂದ್ರೆ ಕೊಟೇಶನ್ ಕೊಟ್ರು ಅನ್ನೋದೇ ಅದು ಟ್ರಯಲ್ ಅಲ್ಲ ಅನ್ನೋದಕ್ಕೆ ಸಾಕ್ಷಿ.

ಆದ್ರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಏಳು ಲಕ್ಷದ ಮೇಲೆ ಅಲ್ಲ, ಯಜಮಾನ್ರು ಗ್ಲಿಮಿಪಿರೈಡ್ ತಗೊಂಡು ಬಿದ್ದಿದ್ದರ ಮೇಲೆ. ತೆಳ್ಳಗಿನ ಮನುಷ್ಯ, 22ಕ್ಕೆ ಶುಗರ್, ಸಣ್ಣ ಡೋಸ್ ಮಾತ್ರೆಗೆ ಆ ಮಟ್ಟಕ್ಕೆ ಇಳಿಯೋದು, ಅವರ ತಾಯಿಗೂ ಮೂವತ್ತರೊಳಗೆ, ಮಗನಿಗೆ ಹದಿನಾರಕ್ಕೆ, ಮೂರು ವರ್ಷ ಆದ್ಮೇಲೂ ಅವನಿಗೆ 14 ಯೂನಿಟ್ ಸಾಕಾಗ್ತಿರೋದು. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರೆ ಇದು ಟೈಪ್ 1 (ಇಮ್ಯೂನಿಟಿಯೇ ಇನ್ಸುಲಿನ್ ಮಾಡೋ ಸೆಲ್‌ಗಳ ಮೇಲೆ ಬೀಳೋ ಕಾಯಿಲೆ) ಅಲ್ಲದೇ ಇರಬಹುದು, ಟೈಪ್ 2 ಕೂಡ ಅಲ್ಲದೇ ಇರಬಹುದು. ಒಂದೇ ಒಂದು ಜೀನ್‌ನಲ್ಲಿ ದೋಷ ಇದ್ದು ಬರೋ ಡಯಾಬಿಟಿಸ್ ಅಂತ ಒಂದಿದೆ, ಮೋಡಿ (MODY) ಅಂತಾರೆ, ಅದರಲ್ಲೂ ಎಚ್‌ಎನ್‌ಎಫ್‌1ಎ ಅನ್ನೋ ಜೀನ್ ಮೇಲೆ ನನಗೆ ಗುಮಾನಿ. ಕಾಗದ ಓದಿ ಡಯಾಗ್ನೋಸಿಸ್ ಮಾಡೋಕಾಗಲ್ಲ, ಗುಮಾನಿ ಅಷ್ಟೇ, ಆದ್ರೆ ಟೆಸ್ಟ್ ಮಾಡಿಸೋಷ್ಟು ಬಲವಾದ ಗುಮಾನಿ. ನಿಜ ಆದ್ರೆ ನಿಮ್ಮ ಮಗನ ಇನ್ಸುಲಿನ್ ನಿಲ್ಲೋ ಸಾಧ್ಯತೆ ಇದೆ, ಅದೂ ಕೆಲವೇ ರೂಪಾಯಿಯ ಮಾತ್ರೆಯಿಂದ, ಎಡಿಟಿಂಗ್ ಗಿಡಿಟಿಂಗ್ ಏನೂ ಇಲ್ದೆ.

ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ 'ವಂಶದ ಶುಗರ್' ಅಂತ ನಾವು ಒಂದೇ ಉಸಿರಲ್ಲಿ ಹೇಳೋದು ನಿಜವಾಗಿ ಎರಡು ಬೇರೆ ಬೇರೆ ವಿಷಯ. ನಮ್ಮ ಜನರಲ್ಲಿ ಅಪ್ಪನಿಗಿತ್ತು, ದೊಡ್ಡಪ್ಪನಿಗಿತ್ತು, ನನಗೂ ಬಂತು ಅಂತಾರಲ್ಲ, ಅದು ಹೆಚ್ಚಿನ ಪಾಲು ಟೈಪ್ 2. ಅದರ ಹಿಂದೆ ನೂರಾರು ಜೀನ್‌ಗಳಲ್ಲಿ ಚೂರು ಚೂರು ವ್ಯತ್ಯಾಸ ಇರತ್ತೆ, ಒಂದೊಂದರ ಪ್ರಭಾವ ಕಡ್ಲೆಕಾಳಷ್ಟೂ ಇಲ್ಲ, ಅದರ ಮೇಲೆ ಊಟ, ಹೊಟ್ಟೆ ಸುತ್ತಳತೆ, ನಿದ್ದೆ, ಓಡಾಟ ಎಲ್ಲ ಸೇರ್ಕೊಳ್ಳತ್ತೆ. ಐಸಿಎಂಆರ್-ಇಂಡಿಯಾಬ್ ಸರ್ವೆ 2023ರಲ್ಲಿ ಪ್ರಕಟ ಆದಾಗ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಡಯಾಬಿಟಿಸ್ ಇದೆ ಅಂತ ಬಂತು, ಎಲ್ಲಕ್ಕಿಂತ ಮೇಲಿದ್ದಿದ್ದು ನಮ್ಮ ಪಕ್ಕದ ಗೋವಾ, ಶೇಕಡಾ 26.4. ಗೋವಾದವರ ಜೀನ್ ಏನು ಮೂವತ್ತು ವರ್ಷದಲ್ಲಿ ಬದಲಾಗಿಬಿಡ್ತಾ? ಬದಲಾಗಿದ್ದು ಬದುಕೋ ರೀತಿ. ಇಂಥ ಶುಗರ್‌ಗೆ ಯಾವ ಜೀನ್ ಅಂತ ಎಡಿಟ್ ಮಾಡ್ತೀರಿ, ಕತ್ತರಿ ಇಡೋಕೇ ಜಾಗ ಇಲ್ಲ. ಪುಣೆಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ವರ್ಷಗಟ್ಟಲೆ ತೋರಿಸ್ಕೊಂಡು ಬಂದಿರೋದೂ ಅದನ್ನೇ, ನಾವು ಭಾರತೀಯರು ನೋಡೋಕೆ ತೆಳ್ಳಗಿದ್ರೂ ಒಳಗೆ ಕೊಬ್ಬು ಜಾಸ್ತಿ, ಅದು ತಾಯಿ ಹೊಟ್ಟೆಯಲ್ಲಿದ್ದಾಗಿಂದಲೇ ಶುರು ಆಗತ್ತೆ ಅಂತ. ಹಾಗಾಗಿ ತೆಳ್ಳಗಿದ್ದ ಮಾತ್ರಕ್ಕೆ ಟೈಪ್ 2 ಅಲ್ಲ ಅಂತ ಹೇಳೋಕೂ ಆಗಲ್ಲ, ಇದೂ ನೆನಪಿರಲಿ.

ಇನ್ನೊಂದು ವಿಷಯ ಮೋಡಿ. ಒಂದು ಜೀನ್, ಒಂದು ದೋಷ, ಅಪ್ಪ ಅಥವಾ ಅಮ್ಮ ಯಾರಿಗಾದ್ರೂ ಇದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಚಾನ್ಸ್. ಒಟ್ಟು ಡಯಾಬಿಟಿಸ್‌ನಲ್ಲಿ ಇದರ ಪಾಲು ನೂರಕ್ಕೆ ಒಂದರಿಂದ ಐದು ಅಂತ ಲೆಕ್ಕ ಹಾಕ್ತಾರೆ. ಕಮ್ಮಿ ಅನ್ನಿಸ್ಬಹುದು, ಆದ್ರೆ ಇದನ್ನ ಹುಡುಕೋದೇ ಇಲ್ಲ ನಾವು, ಬ್ರಿಟನ್‌ನಂಥ ದೇಶದಲ್ಲೇ 2010ರ ಒಂದು ಅಧ್ಯಯನದ ಅಂದಾಜಿನ ಪ್ರಕಾರ ಶೇಕಡಾ 80ಕ್ಕೂ ಹೆಚ್ಚು ಮೋಡಿ ರೋಗಿಗಳಿಗೆ ತಮಗಿರೋದು ಮೋಡಿ ಅಂತ ಗೊತ್ತಿಲ್ಲ, ಟೈಪ್ 1 ಅಥವಾ ಟೈಪ್ 2 ಅಂತ ಹಣೆಪಟ್ಟಿ ಹಚ್ಕೊಂಡು ಓಡಾಡ್ತಿದಾರೆ. ನಮ್ಮಲ್ಲಿ ಕೇಳೋದೇ ಬೇಡ. ಹದಿನಾರರ ಹುಡುಗ, ತೆಳ್ಳಗಿದಾನೆ, ಶುಗರ್ 300, ಟೈಪ್ 1 ಅಂತ ಬರೆದು ಇನ್ಸುಲಿನ್ ಹಾಕ್ತಾರೆ. ಆ ಹೊತ್ತಿಗೆ ಅದು ಸರಿಯೂ ಹೌದು, ಸಂಶಯ ಇದ್ದಾಗ ಇನ್ಸುಲಿನ್ ಕೊಡೋದೇ ಸುರಕ್ಷಿತ, ಜಗಳ ಇರೋದು ಆಮೇಲೆ ಮೂರು ವರ್ಷ ಆದ್ರೂ ಯಾರೂ ಆ ಹಣೆಪಟ್ಟಿ ತಿರುಗಿಸಿ ನೋಡಲ್ವಲ್ಲ, ಅದಕ್ಕೆ.

ಈಗ ಮಾತ್ರೆಯ ಕಥೆ. ಪ್ಯಾಂಕ್ರಿಯಾಸ್, ಅಂದ್ರೆ ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಸೆಲ್ ಅಂತ ಇರತ್ತೆ, ಇನ್ಸುಲಿನ್ ತಯಾರಾಗೋದು ಅಲ್ಲೇ. ಅದರ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗೋ ಬಾಗಿಲು ಇದೆ. ಶುಗರ್ ಒಳಗೆ ಬಂದು ಉರಿದು ಎಟಿಪಿ ಅನ್ನೋ ಶಕ್ತಿಯ ಕಣ ಹೆಚ್ಚಾದಾಗ ಆ ಬಾಗಿಲು ಮುಚ್ಕೊಳ್ಳತ್ತೆ, ಮುಚ್ಚಿದ ಮೇಲೇ ಕ್ಯಾಲ್ಸಿಯಂ ಒಳಗೆ ಬಂದು ಇನ್ಸುಲಿನ್ ಹೊರಗೆ ಬೀಳತ್ತೆ. ಡೊಂಬಿವಲಿಯವರಿಗೆ ಎಸಿ ಲೋಕಲ್ ಗೊತ್ತಲ್ಲ, ಬಾಗಿಲು ಮುಚ್ಚೋತನಕ ಗಾಡಿ ಹೊರಡಲ್ಲ, ಹಾಗೇ. ಎಚ್‌ಎನ್‌ಎಫ್‌1ಎ ದೋಷ ಇದ್ದವರಲ್ಲಿ ಬಾಗಿಲು ಚೆನ್ನಾಗೇ ಇದೆ, ಶುಗರ್ ಉರಿದು ಬರಬೇಕಾದ ಸಿಗ್ನಲ್ ಸಾಲ್ತಿಲ್ಲ, ಹಾಗಾಗಿ ಮುಚ್ಕೊಳ್ಳಲ್ಲ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಥರದ ಸಲ್ಫೋನೈಲ್‌ಯೂರಿಯಾ ಮಾತ್ರೆಗಳು ಮಾಡೋದೇ ಇಷ್ಟು, ಸಿಗ್ನಲ್‌ಗೆ ಕಾಯದೇ ನೇರವಾಗಿ ಬಾಗಿಲು ದೂಡಿ ಮುಚ್ಚತ್ವೆ. ದೋಷ ಇರೋ ಜಾಗವನ್ನೇ ದಾಟಿ ಮುಂದೆ ಹೋಗಿ ಕೆಲಸ ಮಾಡೋದ್ರಿಂದ ಇವರಿಗೆ ಅದು ವಿಪರೀತ ಹತ್ತತ್ತೆ. ಇಂಗ್ಲೆಂಡ್‌ನ ಎಕ್ಸಿಟರ್‌ನ ತಂಡ 2003ರಲ್ಲೇ ಇದನ್ನ ತೋರಿಸಿತ್ತು, ಎಚ್‌ಎನ್‌ಎಫ್‌1ಎ ಇರೋರಲ್ಲಿ ಗ್ಲಿಕ್ಲಜೈಡ್‌ಗೆ ಫಾಸ್ಟಿಂಗ್ ಶುಗರ್ ಇಳಿದಿದ್ದು ಮೆಟ್‌ಫಾರ್ಮಿನ್‌ಗೆ ಇಳಿದಿದ್ದಕ್ಕಿಂತ ಐದು ಪಟ್ಟು. ನಿಮ್ಮ ಯಜಮಾನ್ರ ಕಥೆ ಅದೇ ಇರಬಹುದು. ಮಾತ್ರೆ ಆಗಿಬರಲಿಲ್ಲ ಅಂತಲ್ಲ, ಅತಿಯಾಗಿ ಆಗಿಬಂತು, ಡೋಸ್ ಕಾಲು ಭಾಗಕ್ಕೆ ಇಳಿಸ್ಬೇಕಿತ್ತು, ಮಾತ್ರೆಯನ್ನೇ ತೆಗೆದು ಕೆಲಸ ಮಾಡದ ಮಾತ್ರೆಗೆ ಹಾಕಿದ್ರು. ಆಗಿನ ಡಾಕ್ಟ್ರನ್ನ ದೂರಬೇಡಿ, ಪ್ಲಾಟ್‌ಫಾರ್ಮಲ್ಲಿ ಬಿದ್ದ ರೋಗಿಗೆ ಅದೇ ಮಾತ್ರೆ ಮತ್ತೆ ಬರೆಯೋ ಧೈರ್ಯ ಯಾರಿಗೂ ಬರಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆ ಹಸುಗೂಸುಗಳದ್ದು. ಹುಟ್ಟಿ ಆರು ತಿಂಗಳ ಒಳಗೆ ಶುಗರ್ ಬಂದ್ರೆ ಅದು ಟೈಪ್ 1 ಆಗಿರೋದು ತೀರಾ ಅಪರೂಪ. ಅಂಥ ಎಷ್ಟೋ ಮಕ್ಕಳಲ್ಲಿ ಆ ಬಾಗಿಲಿನ ಜೀನ್‌ನಲ್ಲೇ ದೋಷ ಇದೆ, ಕೆಸಿಎನ್‌ಜೆ11 ಅಂತ ಅದರ ಹೆಸರು, ಬಾಗಿಲು ತೆರೆದೇ ಇರತ್ತೆ ಅಂತ 2004ರಲ್ಲಿ ಗೊತ್ತಾಯ್ತು. 2006ರಲ್ಲಿ ಎಕ್ಸಿಟರ್‌ನ ಆಂಡ್ರೂ ಹ್ಯಾಟರ್ಸ್ಲಿ ಮತ್ತು ಅವರ ಜೊತೆಗಾರರು ಇಂಥ 49 ರೋಗಿಗಳಿಗೆ ಇನ್ಸುಲಿನ್ ಬದಲು ಸಲ್ಫೋನೈಲ್‌ಯೂರಿಯಾ ಕೊಟ್ಟು ನೋಡಿದ್ರು, 44 ಜನ ಇನ್ಸುಲಿನ್ ಪೂರ್ತಿ ಬಿಟ್ರು. ಹುಟ್ಟಿದಾಗಿಂದ ಚುಚ್ಕೊಂಡು ಬಂದವರು. ಅಲ್ಲಿ ಜೀನ್ ಹಾಗೇ ಇದೆ, ಒಂದಕ್ಷರ ಕೂಡ ತಿದ್ದಿಲ್ಲ, ಯಾವ ಅಕ್ಷರ ತಪ್ಪಿದೆ ಅಂತ ಓದಿದ್ರು ಅಷ್ಟೇ. ನನ್ನ ಕೇಳಿದ್ರೆ ವಂಶದ ಡಯಾಬಿಟಿಸ್‌ನಲ್ಲಿ ಇಲ್ಲಿತನಕ ಆಗಿರೋ ಅತಿ ದೊಡ್ಡ ಕೆಲಸ ಇದು, ಇದರ ಬಗ್ಗೆ ಟಿವಿಯಲ್ಲಿ ಯಾರೂ ಕಿರುಚಲ್ಲ.

ಹಂಗಂತ ಎಡಿಟಿಂಗ್ ಸುಳ್ಳಾ ಅಂತ ಕೇಳಿದ್ರೆ ಖಂಡಿತ ಸುಳ್ಳಲ್ಲ. ಡೌಡ್ನಾ ಮತ್ತು ಶಾರ್ಪಾಂತ್ಯೇ ಅನ್ನೋ ಇಬ್ಬರು ವಿಜ್ಞಾನಿಗಳು 2012ರಲ್ಲಿ ಕ್ರಿಸ್ಪರ್ ಅನ್ನೋ ಜೀನ್ ಕತ್ತರಿಯ ದಾರಿ ತೋರಿಸಿದ್ರು, 2020ಕ್ಕೆ ನೊಬೆಲ್ ಬಂತು, 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಸಿಕಲ್ ಸೆಲ್ ಕಾಯಿಲೆಗೆ ಕ್ಯಾಸ್‌ಜೆವಿ ಅನ್ನೋ ಕ್ರಿಸ್ಪರ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ವು, ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ನಮ್ಮಲ್ಲೂ ಸುಮ್ನೆ ಕೂತಿಲ್ಲ. ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಸ್ಥೆಯವರು ತಮ್ಮದೇ ಕ್ರಿಸ್ಪರ್ ತಯಾರು ಮಾಡಿ ಸಿಕಲ್ ಸೆಲ್‌ಗೆ ಬಿರ್ಸಾ 101 ಅಂತ 2025ರ ನವೆಂಬರ್‌ನಲ್ಲಿ ಘೋಷಿಸಿದ್ರು, ತಂತ್ರಜ್ಞಾನ ಪಡ್ಕೊಂಡಿದ್ದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್, ಕಮ್ಮಿ ಬೆಲೆಗೆ ಕೊಡೋದು ಅವರ ಗುರಿ. ಮುಂಬೈಯಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19 ಅನ್ನೋ ಕ್ಯಾನ್ಸರ್ ಚಿಕಿತ್ಸೆಗೆ 2023ರಲ್ಲೇ ಒಪ್ಪಿಗೆ ಸಿಕ್ಕಿದೆ, ಅದು ಎಡಿಟಿಂಗ್ ಅಲ್ಲ, ರಕ್ತದ ಸೆಲ್‌ಗಳಿಗೆ ಹೊಸ ಜೀನ್ ಸೇರಿಸೋದು, ಆದ್ರೂ ಜೀನ್ ಮಟ್ಟದ ಚಿಕಿತ್ಸೆ ಇಲ್ಲೇ ಪವಯಿ, ಪರೇಲ್‌ನಲ್ಲಿ ಹುಟ್ಟತ್ತೆ ಅನ್ನೋದಕ್ಕೆ ಉದಾಹರಣೆ.

ಇವೆಲ್ಲ ರಕ್ತದ ಕಾಯಿಲೆ ಅನ್ನೋದನ್ನ ಗಮನಿಸಿ. ರಕ್ತದ ಮೂಲ ಸೆಲ್‌ಗಳನ್ನ ದೇಹದಿಂದ ಹೊರಗೆ ತೆಗೀಬಹುದು, ಲ್ಯಾಬ್‌ನಲ್ಲಿ ಎಡಿಟ್ ಮಾಡಿ, ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಿ, ವಾಪಸ್ ಹಾಕಬಹುದು. ಇನ್ನೊಂದು ಸುಲಭದ ಜಾಗ ಲಿವರ್. ಕೊಬ್ಬಿನ ಪುಟ್ಟ ಪುಟ್ಟ ಕಣದೊಳಗೆ ಎಡಿಟರ್, ಅಂದ್ರೆ ಜೀನ್ ತಿದ್ದೋ ಸಾಮಗ್ರಿ, ತುಂಬಿ ರಕ್ತನಾಳಕ್ಕೆ ಬಿಟ್ರೆ ಅದು ತಾನಾಗೇ ಲಿವರ್‌ಗೆ ಹೋಗಿ ಕೂರತ್ತೆ, ಲಿವರ್‌ನ ಸ್ವಭಾವವೇ ಹಾಗೆ, ರಕ್ತದಲ್ಲಿರೋ ಕೊಬ್ಬನ್ನ ಹೀರ್ಕೊಳ್ಳೋದು. 2025ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೋನಿಯಾ ಏರೋ ಕಾಯಿಲೆ ಇದ್ದ ಒಂದು ಕೂಸಿಗೆ ಅದೇ ಮಗುವಿಗೋಸ್ಕರ ಆರು ತಿಂಗಳಲ್ಲಿ ಎಡಿಟರ್ ತಯಾರಿಸಿ ಕೊಟ್ರು ಅಂತ ದೊಡ್ಡ ಸುದ್ದಿ ಆಯ್ತಲ್ಲ, ಅದೂ ಲಿವರ್‌ದೇ. ನಿಮ್ಮ ಕಿವಿಗೆ ಬಿದ್ದಿರೋದು ಬಹುಶಃ ಇದೇ ಸುದ್ದಿ.

ಪ್ಯಾಂಕ್ರಿಯಾಸ್ ಹಾಗಲ್ಲ. ಬೀಟಾ ಸೆಲ್ ಅಂದ್ರೆ ಇಡೀ ಪ್ಯಾಂಕ್ರಿಯಾಸ್‌ನ ನೂರಕ್ಕೆ ಒಂದೋ ಎರಡೋ ಭಾಗ, ಹತ್ತು ಲಕ್ಷದಷ್ಟು ಸಣ್ಣ ಸಣ್ಣ ದ್ವೀಪಗಳಾಗಿ ಅಲ್ಲಲ್ಲಿ ಚೆಲ್ಲಿಕೊಂಡಿರತ್ತೆ, ಸುತ್ತ ಇರೋದೆಲ್ಲ ಜೀರ್ಣರಸ ಮಾಡೋ ಸೆಲ್‌ಗಳು, ಅವುಗಳನ್ನ ಕೆಣಕಿದ್ರೆ ಪ್ಯಾಂಕ್ರಿಯಾಟೈಟಿಸ್ ಅನ್ನೋ ಉರಿಯೂತ, ಆ ನೋವು ಕಂಡವರಿಗೇ ಗೊತ್ತು. ರಕ್ತಕ್ಕೆ ಬಿಟ್ಟ ಎಡಿಟರ್ ಲಿವರ್ ಪಾಲಾಗತ್ತೆ, ಬೀಟಾ ಸೆಲ್‌ಗೆ ಮುಟ್ಟೋದು ಎಷ್ಟೋ ಏನೋ. ಮುಟ್ಟಿದ್ರೂ ಇನ್ನೊಂದು ತೊಡಕಿದೆ. ಕ್ರಿಸ್ಪರ್ ಕತ್ತರಿಸೋದರಲ್ಲಿ ಜಾಣ, ಕತ್ತರಿಸಿದ ಜಾಗದಲ್ಲಿ ಸರಿಯಾದ ಅಕ್ಷರ ಕೂರಿಸೋ ಕೆಲಸ ಸೆಲ್‌ನ ರಿಪೇರಿ ವ್ಯವಸ್ಥೆದು, ಆ ವ್ಯವಸ್ಥೆ ಚುರುಕಾಗಿರೋದು ಸೆಲ್ ಒಡೆದು ಎರಡಾಗೋ ಹೊತ್ತಲ್ಲಿ. ದೊಡ್ಡವರ ಬೀಟಾ ಸೆಲ್‌ಗಳು ಒಡೆಯೋದೇ ಅಪರೂಪ. ಇದಕ್ಕೆಂದೇ ಡೇವಿಡ್ ಲಿಯು ಅವರ ಲ್ಯಾಬ್‌ನವರು ಕತ್ತರಿಸದೇ ಅಕ್ಷರ ಬದಲಿಸೋ ಬೇಸ್ ಎಡಿಟಿಂಗ್ 2016ರಲ್ಲೂ, ಪ್ರೈಮ್ ಎಡಿಟಿಂಗ್ 2019ರಲ್ಲೂ ತಂದ್ರು, ಆ ತೊಡಕು ಅರ್ಧ ಕಮ್ಮಿ ಆಯ್ತು, ಆದ್ರೆ ಜಾಗಕ್ಕೆ ತಲುಪಿಸೋ ತೊಡಕು ಹಾಗೇ ಉಳೀತು. ಅದರ ಮೇಲೆ ಒಂದೊಂದು ಕುಟುಂಬದ ದೋಷ ಒಂದೊಂದು ಕಡೆ. ಎಚ್‌ಎನ್‌ಎಫ್‌1ಎ ಒಂದರಲ್ಲೇ ನೂರಾರು ಬಗೆಯ ದೋಷ ಗೊತ್ತಿದೆ, ನಿಮ್ಮ ಮನೆಗೆ ಮಾಡಿದ ಎಡಿಟರ್ ಪಕ್ಕದ ಬಿಲ್ಡಿಂಗ್‌ನವರಿಗೆ ಆಗಲ್ಲ.

ಈಗ ಒಬ್ಬ ಡಾಕ್ಟ್ರಾಗಿ ನಾನು ಲೆಕ್ಕ ಹಾಕೋದು ಹೀಗೆ. ಒಂದು ಕಡೆ ಸಣ್ಣ ಮಾತ್ರೆ, ದಶಕಗಳಿಂದ ಬಳಕೆಯಲ್ಲಿದೆ, ಅಡ್ಡಪರಿಣಾಮ ಏನು ಅಂತ ಗೊತ್ತು, ಬೇಡ ಅನ್ನಿಸಿದ್ರೆ ನಾಳೆ ನಿಲ್ಲಿಸಬಹುದು. ಇನ್ನೊಂದು ಕಡೆ ಒಮ್ಮೆ ಮಾಡಿದ್ರೆ ವಾಪಸ್ ತಗೊಳ್ಳೋಕಾಗದ ಎಡಿಟ್, ಬೇರೆ ಜಾಗದಲ್ಲಿ ತಪ್ಪಾಗಿ ಕತ್ತರಿಸಿದ್ರೆ ಕ್ಯಾನ್ಸರ್ ತನಕ ಹೋಗಬಹುದಾದ ಅಪಾಯ. ಎಚ್‌ಎನ್‌ಎಫ್‌1ಎ ಮೋಡಿಗೆ ಎಡಿಟಿಂಗ್ ನಾಳೆ ಬೆಳಿಗ್ಗೆ ತಯಾರಾದ್ರೂ ನಾನು ಮೊದಲು ಮಾತ್ರೆಯನ್ನೇ ಬರೀತೀನಿ. ಇನ್ನು ಜಿಸಿಕೆ ಅನ್ನೋ ಜೀನ್‌ನ ಮೋಡಿ ಇದೆ, ಅದರಲ್ಲಂತೂ ಹುಟ್ಟಿನಿಂದ ಫಾಸ್ಟಿಂಗ್ ಸ್ವಲ್ಪ ಮೇಲಿರತ್ತೆ ಅಷ್ಟೇ, ಜೀವಮಾನವಿಡೀ ಹಾಗೇ ಇರತ್ತೆ, ಕಣ್ಣು ಕಿಡ್ನಿ ಹಾಳಾಗೋದು ಕಾಣಲ್ಲ, ಬಸುರಿ ಹೊತ್ತು ಬಿಟ್ರೆ ಔಷಧಿಯೂ ಬೇಡ. ಅಂಥವರಿಗೆ ಎಡಿಟಿಂಗ್ ಮಾಡೋದು ಅಂದ್ರೆ ಇಲ್ಲದ ಕಾಯಿಲೆಗೆ ಆಪರೇಷನ್. (ನಿಮ್ಮ ಅತ್ತೆಯವರ ಕಣ್ಣು ಶುಗರ್‌ನಿಂದಲೇ ಹೋಗಿದ್ರೆ, ನಿಮ್ಮ ಮನೆಯದ್ದು ಜಿಸಿಕೆ ಆಗಿರೋ ಸಾಧ್ಯತೆ ಕಮ್ಮಿ.)

ಹಾಗಾದ್ರೆ ಎಡಿಟಿಂಗ್ ನಿಜವಾಗಿ ಬೇಕಾಗಿರೋದು ಯಾರಿಗೆ ಅಂದ್ರೆ ಮಾತ್ರೆ ದಾರಿ ಮುಚ್ಚಿರೋರಿಗೆ. ಇನ್ಸುಲಿನ್ ಜೀನ್‌ನಲ್ಲೇ ದೋಷ ಇರೋ ಮಕ್ಕಳಿದ್ದಾರೆ, ಅವರ ಬೀಟಾ ಸೆಲ್‌ನೊಳಗೆ ಮಡಚಿಕೊಳ್ಳದ ಇನ್ಸುಲಿನ್ ಜಮಾ ಆಗಿ ಸೆಲ್ಲೇ ಸಾಯತ್ತೆ. ವುಲ್ಫ್ರಾಮ್ ಸಿಂಡ್ರೋಮ್ ಅಂತ ಇದೆ, ಡಬ್ಲ್ಯುಎಫ್‌ಎಸ್‌1 ಜೀನ್‌ದು, ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಸಾಮಾನ್ಯವಾಗಿ ಕಾಣಿಸ್ಕೊಳ್ಳೋದು, ಸಣ್ಣ ವಯಸ್ಸಲ್ಲಿ ಶುಗರ್, ಆಮೇಲೆ ಕಣ್ಣಿನ ನರ ಒಣಗೋದು, ಕಿವಿ ಕೇಳದೇ ಹೋಗೋದು. ನಮ್ಮಲ್ಲಿ ಸೋದರಮಾವನ ಮದುವೆ, ಅಕ್ಕನ ಮಗಳ ಮದುವೆ ಇನ್ನೂ ಇರೋದ್ರಿಂದ ಇಂಥವನ್ನ ಮರೆಯೋ ಹಾಗಿಲ್ಲ. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯವರು ಮಾಡಿದ ಕೆಲಸ ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು. ವುಲ್ಫ್ರಾಮ್ ಇದ್ದ ರೋಗಿಯ ಚರ್ಮದ ಸೆಲ್ ತಗೊಂಡು ಅದನ್ನ ಹಿಂದಕ್ಕೆ ಸ್ಟೆಮ್ ಸೆಲ್ ಮಾಡಿ, ಕ್ರಿಸ್ಪರ್‌ನಿಂದ ಡಬ್ಲ್ಯುಎಫ್‌ಎಸ್‌1 ತಿದ್ದಿ, ಬೀಟಾ ಸೆಲ್ ಆಗಿ ಬೆಳೆಸಿ, ಡಯಾಬಿಟಿಸ್ ಇರೋ ಇಲಿಗಳಿಗೆ ಹಾಕಿದ್ರು, ಆರು ತಿಂಗಳು ನೋಡಿದಷ್ಟು ಕಾಲ ಇಲಿಗಳ ಶುಗರ್ ಹತೋಟಿಯಲ್ಲಿತ್ತು, ತಿದ್ದದ ಸೆಲ್ ಹಾಕಿದ ಇಲಿಗಳಿಗೆ ಹಾಗಾಗಲಿಲ್ಲ. ಚೆನ್ನಾಗಿದೆ. ಆದ್ರೆ ಇಲಿ. ಮತ್ತೆ ಬೀಟಾ ಸೆಲ್ ಸರಿ ಆದ್ರೂ ಆ ರೋಗಿಯ ಕಣ್ಣಿನ ನರ ಇದರಿಂದ ಸರಿ ಆಗಲ್ಲ.

ಮನುಷ್ಯರಲ್ಲಿ ಆಗಿರೋದು ಎರಡು ಹೇಳ್ತೀನಿ, ಎರಡೂ ಟೈಪ್ 1ರದ್ದು, ವಂಶದ ಒಂದು ಜೀನ್‌ದಲ್ಲ. 2024ರಲ್ಲಿ ಚೀನಾದ ತಿಯಾಂಜಿನ್‌ನಲ್ಲಿ 25 ವರ್ಷದ ಹೆಂಗಸಿನ ಸ್ವಂತ ಕೊಬ್ಬಿನ ಸೆಲ್‌ಗಳಿಂದಲೇ ಇನ್ಸುಲಿನ್ ಮಾಡೋ ದ್ವೀಪಗಳನ್ನ ಬೆಳೆಸಿ ಹೊಟ್ಟೆಯ ಸ್ನಾಯುವಿನ ಪದರದಡಿ ಇಟ್ರು, 75 ದಿನಕ್ಕೆ ಇನ್ಸುಲಿನ್ ಬಿಟ್ರು ಆಕೆ, ಅದರಲ್ಲಿ ಎಡಿಟಿಂಗ್ ಇರಲಿಲ್ಲ, ಆಕೆಗೆ ಲಿವರ್ ಕಸಿ ಆಗಿದ್ದರಿಂದ ಇಮ್ಯೂನಿಟಿ ತಗ್ಗಿಸೋ ಮಾತ್ರೆ ಮೊದಲಿಂದಲೇ ನಡೀತಿತ್ತು. 2025ರಲ್ಲಿ ಸ್ವೀಡನ್‌ನ ಉಪ್ಸಲಾದಲ್ಲಿ 42 ವರ್ಷದ ಒಬ್ಬರಿಗೆ ದಾನಿಯ ದ್ವೀಪಗಳನ್ನ ಎಡಿಟ್ ಮಾಡಿ, ಇಮ್ಯೂನ್ ಸೆಲ್‌ಗಳ ಕಣ್ಣಿಗೆ ಬೀಳದ ಹಾಗೆ ಮಾಡಿ ಮುಂಗೈ ಸ್ನಾಯುವಿಗೆ ಚುಚ್ಚಿದ್ರು, ಯಾವ ತಗ್ಗಿಸೋ ಮಾತ್ರೆಯೂ ಇಲ್ಲದೇ 12 ವಾರ ಆದ್ರೂ ಅವು ಬದುಕಿ ಇನ್ಸುಲಿನ್ ಮಾಡ್ತಿದ್ವು. ಪ್ರಮಾಣ ಸಣ್ಣದಿತ್ತು ಬೇಕಂತಲೇ, ಹಾಗಾಗಿ ಅವರ ಇನ್ಸುಲಿನ್ ನಿಂತಿಲ್ಲ. ಇವೆರಡನ್ನೂ ವುಲ್ಫ್ರಾಮ್ ಕೆಲಸದ ಜೊತೆ ಸೇರಿಸಿ ನೋಡಿದ್ರೆ ದಾರಿ ಎಲ್ಲಿಗೆ ಹೋಗ್ತಿದೆ ಅಂತ ಅಂದಾಜಾಗತ್ತೆ. ರೋಗಿಯ ಸೆಲ್ ತೆಗೆದು, ತಿದ್ದಿ, ಬೀಟಾ ಸೆಲ್ ಮಾಡಿ ಅವರಿಗೇ ವಾಪಸ್ ಕೊಡೋದು. ಒಂದು ಜೀನ್‌ನ ಡಯಾಬಿಟಿಸ್‌ಗೆ ಇಲ್ಲೊಂದು ಅನುಕೂಲ ಇದೆ, ಟೈಪ್ 1ರಲ್ಲಿ ಇಮ್ಯೂನಿಟಿಯೇ ಬೀಟಾ ಸೆಲ್ ಮೇಲೆ ಬೀಳೋದು, ಇಲ್ಲಿ ಆ ಕಾಟ ಇಲ್ಲ. ನನಗೆ ಆಸೆ ಇರೋದು ಈ ದಾರಿ ಮೇಲೆ, ಪ್ಯಾಂಕ್ರಿಯಾಸ್‌ಗೇ ಎಡಿಟರ್ ಕಳ್ಸೋದರ ಮೇಲೆ ಅಷ್ಟಿಲ್ಲ.

ಮಗಳ ವಿಷಯ. ಈಗ್ಲೇ ಸರಿ ಮಾಡಿಸೋಕಾಗತ್ತಾ ಅಂದ್ರೆ ಆಗಲ್ಲ. ಹುಟ್ಟೋಕೆ ಮುಂಚೆ ಭ್ರೂಣದಲ್ಲೇ ತಿದ್ದೋದು ಅಂತ ಇನ್ಯಾರಾದ್ರೂ ಮುಂದೆ ಅವಳಿಗೆ ಹೇಳಿದ್ರೆ ಅದು ಭಾರತದಲ್ಲಿ ನಿಷಿದ್ಧ, ಐಸಿಎಂಆರ್‌ನ 2019ರ ಜೀನ್ ಥೆರಪಿ ಮಾರ್ಗಸೂಚಿಯಲ್ಲಿ ಬರೆದಿದೆ. 2018ರಲ್ಲಿ ಚೀನಾದಲ್ಲಿ ಹೆ ಜಿಯಾಂಕುಯಿ ಅನ್ನೋ ವಿಜ್ಞಾನಿ ಭ್ರೂಣ ಎಡಿಟ್ ಮಾಡಿ ಅವಳಿ ಹೆಣ್ಮಕ್ಕಳು ಹುಟ್ಟಿದ್ರು ಅಂತ ಹೇಳ್ಕೊಂಡಾಗ ಅವನ ದೇಶದವರೇ ಮೂರು ವರ್ಷ ಜೈಲಿಗೆ ಹಾಕಿದ್ರು. ಮಾತ್ರೆಯಿಂದ ಹತೋಟಿಗೆ ಬರೋ ಕಾಯಿಲೆಗೆ ಅಷ್ಟು ದೂರ ಹೋಗೋದು ನನಗಂತೂ ಒಪ್ಪಿಗೆ ಇಲ್ಲ.

ಅವಳಿಗೆ ಬೇಕಾಗಿರೋದು ಬೇರೆ. ಎಚ್‌ಎನ್‌ಎಫ್‌1ಎಯಲ್ಲಿ ಶುರುವಿನಲ್ಲಿ ಫಾಸ್ಟಿಂಗ್ ನಾರ್ಮಲ್ಲೇ ಇರಬಹುದು, ಊಟ ಆದ್ಮೇಲೆ ಜಿಗಿಯತ್ತೆ. ಮತ್ತೆ ಈ ಜೀನ್ ಕಿಡ್ನಿಯಲ್ಲೂ ಕೆಲಸ ಮಾಡೋದ್ರಿಂದ ರಕ್ತದಲ್ಲಿ ಶುಗರ್ ಅಷ್ಟೇನೂ ಏರದೇ ಇದ್ರೂ ಮೂತ್ರದಲ್ಲಿ ಇಳಿಯತ್ತೆ. ಹಾಗಾಗಿ ಫಾಸ್ಟಿಂಗ್ ನೋಡಿ ನಿರಾಳ ಆಗ್ಬೇಡಿ, ಊಟ ಆಗಿ ಎರಡು ಗಂಟೆಗೆ ರಕ್ತ ಮತ್ತೆ ಮೂತ್ರ ಎರಡೂ ಒಮ್ಮೆ ನೋಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಅಣ್ಣನ ರಿಪೋರ್ಟ್‌ನಲ್ಲಿ ದೋಷ ಸಿಕ್ಕಿದ್ರೆ ಅದೊಂದೇ ಜಾಗ ನೋಡೋ ಸಣ್ಣ ಟೆಸ್ಟ್ ಅವಳಿಗೂ ಸಿಗತ್ತೆ, ಮಾಡಿಸ್ಬೇಕಾ ಬೇಡ್ವಾ ಅನ್ನೋದನ್ನ ಅವಳನ್ನ ಕೂರಿಸ್ಕೊಂಡು ಕೇಳಿ, 14 ವರ್ಷಕ್ಕೆ ತನ್ನ ಮೈ ಬಗ್ಗೆ ಮಾತಾಡೋ ಬುದ್ಧಿ ಇರತ್ತೆ. ಈ ಜೀನ್ ಇದ್ರೆ 25ರೊಳಗೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಶುಗರ್ ಕಾಣಿಸ್ಕೊಳ್ಳತ್ತೆ, ಮೊದಲೇ ಗೊತ್ತಿದ್ರೆ ಶುಗರ್ 300ಕ್ಕೆ ಹೋಗಿ ಆಸ್ಪತ್ರೆ ಸೇರೋದು ತಪ್ಪತ್ತೆ. ನಾಳೆ ಸಂಬಂಧ ನೋಡೋವಾಗ ಏನು ಹೇಳೋದು ಅಂತ ನಿಮ್ಮ ಮನಸ್ಸಲ್ಲಿ ಇದೆಯೋ ಇಲ್ವೋ, ಬೇರೆ ತಾಯಂದಿರು ಕೇಳ್ತಾರೆ ಅಂತ ಹೇಳ್ತಿದೀನಿ: ಆ ಭಯಕ್ಕೆ ಟೆಸ್ಟ್ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ, ಅಜ್ಜಿಯ ಕಣ್ಣು ಹೋಗಿದ್ದು ಯಾರಿಗೂ ಗೊತ್ತಾಗದೇ ಉಳಿದಿಲ್ಲ.

ಮಗನ ವಿಷಯದಲ್ಲಿ ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಈ ಉತ್ತರ ಓದಿ ಮನೇಲೇ ಇನ್ಸುಲಿನ್ ನಿಲ್ಲಿಸ್ಬೇಡಿ. ಅವನದ್ದು ನಿಜವಾಗ್ಲೂ ಟೈಪ್ 1 ಆಗಿದ್ರೆ ಕೆಲವೇ ದಿನದಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರೋದು) ಆಗಿ ಐಸಿಯು ಸೇರ್ತಾನೆ. ಮೊದಲು ಒಬ್ಬ ಎಂಡೋಕ್ರಿನಾಲಜಿಸ್ಟ್ ಹತ್ರ ಹೋಗಿ, ಜಿಎಡಿ, ಐಎ-2, ಝಡ್‌ಎನ್‌ಟಿ8 ಅಂತ, ಇಮ್ಯೂನಿಟಿ ಬೀಟಾ ಸೆಲ್ ಮೇಲೆ ಬಿದ್ದಿದೆಯಾ ಅಂತ ತೋರಿಸೋ ಆಂಟಿಬಾಡಿ ಟೆಸ್ಟ್ ಇವೆ, ಯಾವುದಾದ್ರೂ ಪಾಸಿಟಿವ್ ಬಂದ್ರೆ ಟೈಪ್ 1 ಅನ್ನೋದು ಹೆಚ್ಚುಕಮ್ಮಿ ಖಚಿತ, ನನ್ನ ಗುಮಾನಿ ಅಲ್ಲಿಗೆ ಮುಗೀತು. ನೆಗೆಟಿವ್ ಬಂದ್ರೆ ಟೈಪ್ 1 ಅಲ್ಲವೇ ಅಲ್ಲ ಅಂತ ಅಲ್ಲ, ನಮ್ಮ ಜನರಲ್ಲಿ ಆಂಟಿಬಾಡಿ ಸಿಗದ ಟೈಪ್ 1 ಕೂಡ ಇದೆ, ಕೆಇಎಂ ಪುಣೆ, ಹೈದರಾಬಾದ್‌ನ ಸಿಸಿಎಂಬಿ ಮತ್ತು ಎಕ್ಸಿಟರ್ ಸೇರಿ 2020ರಲ್ಲಿ ಜೆನೆಟಿಕ್ ರಿಸ್ಕ್ ಸ್ಕೋರ್, ಅಂದ್ರೆ ಹಲವು ಜೀನ್ ವ್ಯತ್ಯಾಸ ಸೇರಿಸಿ ಲೆಕ್ಕ ಹಾಕೋ ಅಂಕದಿಂದ ಭಾರತೀಯರ ಟೈಪ್ 1, ಟೈಪ್ 2 ಬೇರೆ ಮಾಡೋಕಾಗತ್ತೆ ಅಂತ ತೋರಿಸಿದ್ದು ಈ ಗೊಂದಲಕ್ಕೇ. ಜೊತೆಗೆ ಸಿ-ಪೆಪ್ಟೈಡ್ ಮಾಡಿಸಿ, ಅವನದೇ ಪ್ಯಾಂಕ್ರಿಯಾಸ್ ಎಷ್ಟು ಇನ್ಸುಲಿನ್ ಮಾಡ್ತಿದೆ ಅನ್ನೋದು ಅದರಿಂದ ಗೊತ್ತಾಗತ್ತೆ. ಕಾಯಿಲೆ ಬಂದು ಮೂರು ವರ್ಷ ಆದ್ಮೇಲೂ ಅದು 0.6ಕ್ಕಿಂತ ಮೇಲಿದ್ರೆ, ನಮ್ಮ ಲ್ಯಾಬ್‌ಗಳ ನ್ಯಾನೋಗ್ರಾಂ ಲೆಕ್ಕದಲ್ಲಿ, ಟೈಪ್ 1 ಮೇಲೆ ಸಂಶಯ ಪಡೋದು ನ್ಯಾಯ.

ಆಂಟಿಬಾಡಿ ಇಲ್ಲ, ಸಿ-ಪೆಪ್ಟೈಡ್ ಇದೆ ಅಂತಾದ್ರೆ ಆಗ ಜೀನ್ ಟೆಸ್ಟ್. ಮೋಡಿ ಪ್ಯಾನೆಲ್ ಅಂತ ಕೇಳಿ, ಮುಂಬೈ ಪುಣೆಯ ದೊಡ್ಡ ಲ್ಯಾಬ್‌ಗಳು ಸ್ಯಾಂಪಲ್ ತಗೊಳ್ತವೆ, ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ಇದರಲ್ಲಿ ತುಂಬಾ ವರ್ಷದಿಂದ ಕೆಲಸ ಮಾಡ್ತಿದಾರೆ. ಖರ್ಚು ಸಾವಿರದ ಲೆಕ್ಕದ್ದು, ಲಕ್ಷದ್ದಲ್ಲ. ರಿಪೋರ್ಟ್‌ನಲ್ಲಿ 'ಅನಿಶ್ಚಿತ ಅರ್ಥದ ವೇರಿಯಂಟ್' ಅಂತ ಬಂದ್ರೆ ಅದನ್ನ ದೋಷ ಅಂತ ತಿಳ್ಕೋಬೇಡಿ, ಅಂಥದ್ದರ ಮೇಲೆ ಇನ್ಸುಲಿನ್ ಬದಲಾಯಿಸೋದು ತಪ್ಪು. ಆಗ ನಿಮ್ಮ ಯಜಮಾನ್ರ ರಕ್ತದಲ್ಲೂ ಅದೇ ಇದೆಯಾ, ಅತ್ತೆಯಲ್ಲೂ ಇದೆಯಾ ಅಂತ ನೋಡ್ಬೇಕು, ಮೂವರಲ್ಲೂ ಇದ್ದು ಶುಗರ್ ಇಲ್ಲದ ಅಣ್ಣತಮ್ಮಂದಿರಲ್ಲಿ ಇಲ್ಲ ಅಂದ್ರೆ ತೂಕ ಬರತ್ತೆ. ಖಚಿತ ದೋಷ ಸಿಕ್ಕಿದ್ರೆ ಡಾಕ್ಟ್ರು ಮಾತ್ರೆ ಕಾಲು ಡೋಸ್‌ನಿಂದ ಶುರು ಮಾಡಿ ಇನ್ಸುಲಿನ್ ಹಂತ ಹಂತವಾಗಿ ಇಳಿಸ್ತಾರೆ, ಯಜಮಾನ್ರಿಗೂ ಅದೇ ಕಾಲು ಡೋಸ್, ಮೊದಲ ವಾರಗಳಲ್ಲಿ ಅಪ್ಪ ಮಗ ಇಬ್ಬರೂ ಜೇಬಲ್ಲಿ ಗ್ಲೂಕೋಸ್ ಇಟ್ಕೊಂಡು ಗ್ಲೂಕೋಮೀಟರ್ ಜೊತೆಗಿರಲಿ, ರಶ್ ಟೈಮ್‌ನ ಲೋಕಲ್ ಬಾಗಿಲಲ್ಲಿ ನಿಲ್ಲೋದು ಬೇಡ. ಅತ್ತೆಯವರಿಗೆ ವಯಸ್ಸಾಗಿದೆ, ಕಿಡ್ನಿ ಹೇಗಿದೆ ನೋಡದೇ ಈ ಮಾತ್ರೆ ಮುಟ್ಟೋದು ಬೇಡ.

ಸಿ-ಪೆಪ್ಟೈಡ್‌ಗೆ ಮಗನನ್ನ ಖಾಲಿ ಹೊಟ್ಟೆಯಲ್ಲಿ ಕಳಿಸ್ಬೇಡಿ, ಊಟ ಆಗಿ ಒಂದೆರಡು ಗಂಟೆಗೆ ರಕ್ತ ಕೊಡಲಿ, ಅದೇ ಟ್ಯೂಬ್ ಹೊತ್ತಿನ ಶುಗರ್ ಕೂಡ ಬರೆಸ್ಕೊಳ್ಳಿ, ಶುಗರ್ 144ಕ್ಕಿಂತ ಕೆಳಗಿದ್ದಾಗ ತೆಗೆದ ಸಿ-ಪೆಪ್ಟೈಡ್ ಕಮ್ಮಿ ತೋರಿಸಿದ್ರೆ ಅದನ್ನ ನಂಬೋಕಾಗಲ್ಲ.